ಕುಕ್ಕರಿಗೆ ಸುತ್ತಿದ ಕೈಲಾಸ

ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ದೇವರುಗಳೇ ಹೆಚ್ಚು. ಇದನ್ನು ಭಕ್ತಿಯ ಹೆಮ್ಮೆಯಿಂದ ಹೇಳುತ್ತಿಲ್ಲ, ಜಾಗದ ಸಂಕಟದಿಂದ ಹೇಳುತ್ತಿದ್ದೇನೆ. ದೇವರ ಕೋಣೆಯಲ್ಲಿರುವವರ ಬಗ್ಗೆ ನನ್ನದೇನೂ ತಕರಾರಿಲ್ಲ, ಅವರು ನಾವಾಗಿಯೇ ಕರೆದು ಕೂರಿಸಿಕೊಂಡವರು. ನನ್ನ ತೊಂದರೆಯೆಲ್ಲ ಕರೆಯದೆ ಬಂದವರದು. ಮದುವೆ ಪತ್ರಿಕೆಯ ಮೂಲೆಯಲ್ಲಿ ಕೂತು ಬರುವ ಗಣಪತಿ, ಊದುಬತ್ತಿ ಪೊಟ್ಟಣದ ಲಕ್ಷ್ಮಿ, ಅಕ್ಕಿ ಚೀಲದ ಅನ್ನಪೂರ್ಣೆ, ಕರ್ಪೂರದ ಡಬ್ಬಿಯ ಆಂಜನೇಯ, ಹೊಸ ವರ್ಷ ಬಂತೆಂದರೆ ಬಟ್ಟೆ ಅಂಗಡಿಯವರೂ ಚಿನ್ನದ ಅಂಗಡಿಯವರೂ ಕೈಗೆ ತುರುಕುವ ಕ್ಯಾಲೆಂಡರಿನ ಶಿವಪಾರ್ವತಿಯರು. ಇವರನ್ನು ಕಸದ ಗಾಡಿಗೆ ಹಾಕುವಂತಿಲ್ಲ. ರದ್ದಿ ಅಂಗಡಿಯ ತಕ್ಕಡಿಯಲ್ಲಿ ಕೂರಿಸಲು ಮನಸ್ಸು ಬರುವುದಿಲ್ಲ. ಒಲೆಗೆ ಹಾಕೋಣವೆಂದರೆ ನಮ್ಮದು ಗ್ಯಾಸ್ ಒಲೆ. ಹರಿಯುವ ನೀರಿಗೆ ಬಿಡೋಣವೆಂದರೆ ಬಸವೇಶ್ವರನಗರದಲ್ಲಿ ಹರಿಯುವ ನೀರೆಂದರೆ ರಾಜಕಾಲುವೆಯದು. ಅದಕ್ಕೆ ಕಸ ಹಾಕಿದರೆ ಕಸವೇ ಬೇಜಾರು ಮಾಡಿಕೊಳ್ಳುತ್ತದೆ.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಅರಳಿಕಟ್ಟೆಯಿದೆ. ಬೇಡವಾದ ದೇವರ ಪಟಗಳನ್ನು ಜನ ಅಲ್ಲಿ ಒರಗಿಸಿ, ಕೈಮುಗಿದು, ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತಾರೆ. ಒಮ್ಮೆ ನಾನೂ ಗಾಜು ಬಿರಿದ ಒಂದು ಶಿವನ ಪಟವನ್ನು ಅಲ್ಲಿಟ್ಟು ತಿರುಗಿ ನೋಡದೆ ಬಂದೆ. ಆದರೆ ತರಕಾರಿ ಅಂಗಡಿಗೆ ಹೋಗುವ ದಾರಿಯೂ ಅದೇ. ಹೋಗುವಾಗಲೊಮ್ಮೆ, ಬರುವಾಗಲೊಮ್ಮೆ ಅವನು ಮೂರೂ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದ. ಹುರುಳಿಕಾಯಿ ಚೀಲ ಅಡ್ಡ ಹಿಡಿದುಕೊಂಡು ಎಷ್ಟು ದಿನ ಓಡಾಡುವುದು? ಅಷ್ಟರಲ್ಲಿ ಮಳೆಯೂ ಬಂತು. ಕೊನೆಗೆ ದಂಟಿನ ಸೊಪ್ಪಿನ ಕೆಳಗೆ ಅವನನ್ನು ಮುಚ್ಚಿಕೊಂಡು ವಾಪಸ್ ಕರೆತಂದೆ. “ಇವನ್ಯಾಕೆ ಬಂದ?” ಎಂದರು ನಮ್ಮ ಮನೆಯವರು. “ನೆಂದಿದ್ದ,” ಎಂದೆ. ಅವರು ಬೇರೇನೂ ಕೇಳಲಿಲ್ಲ. ಮದುವೆಯಾಗಿ ಇಷ್ಟು ಕಾಲವಾದ ಮೇಲೆ ಗಂಡನಾದವನು ಎರಡನೇ ಪ್ರಶ್ನೆ ಕೇಳದಿರುವುದು ಭಗವಂತನ ಸಣ್ಣ ಕೃಪೆಗಳಲ್ಲೊಂದು. ಹೀಗೆ ಬಂದವರನ್ನೆಲ್ಲ ಹಳೆಯ ಸೀರೆಯೊಂದರಲ್ಲಿ ಗಂಟು ಕಟ್ಟಿ ಅಟ್ಟಕ್ಕೆ ಏರಿಸಿದ್ದೇನೆ. ಕಾಲೇಜು ಓದುವ ನಮ್ಮ ಮಗಳು ಪಾವನಾ ಆ ಗಂಟಿಗೆ ‘ಕೈಲಾಸ’ ಎಂದು ಹೆಸರಿಟ್ಟಿದ್ದಾಳೆ. ಎತ್ತರದಲ್ಲಿದೆ, ತಣ್ಣಗಿದೆ, ಮನುಷ್ಯರು ಸುಲಭಕ್ಕೆ ಹತ್ತುವ ಹಾಗಿಲ್ಲ. ಹೆಸರು ಸರಿಯಾಗಿಯೇ ಇದೆ.

ಇದೇ ಪಾವನಾ ಒಂದು ದಿನ ಮೊಬೈಲನ್ನು ನನ್ನ ಮೂಗಿಗೆ ಹಿಡಿದಳು. ಅದರಲ್ಲಿ ಒಬ್ಬಳು ಹುಡುಗಿ ಮನೆಯಲ್ಲಿ ಬಿದ್ದಿದ್ದ ಹಳೆಯ ದುಪಟ್ಟಾ, ದಾರ, ಒಣಗಿದ ಎಲೆಗಳಿಂದ ಉಡುಗೊರೆಗಳನ್ನು ಸುತ್ತುತ್ತಿದ್ದಳು. “ನೋಡಮ್ಮಾ, ಅಂಗಡಿ ಗಿಫ್ಟ್ ಪೇಪರ್ ಒಂದು ನಿಮಿಷದ ಸಂಭ್ರಮ ಅಷ್ಟೇ. ಆಮೇಲೆ ಸೀದಾ ಕಸ. ಮನೇಲಿರೋದ್ರಲ್ಲೇ ಸುತ್ತೋದು ಈಗ ಟ್ರೆಂಡು ಕಣಮ್ಮಾ,” ಎಂದಳು. ಮನೆಯಲ್ಲಿರುವುದರಲ್ಲೇ ಮಾಡು ಎಂಬುದನ್ನು ನಾನು ಮದುವೆಯಾದಂದಿನಿಂದ ಕೇಳಿಕೊಂಡು ಬಂದಿದ್ದೇನೆ. ಅದಕ್ಕೆ ಟ್ರೆಂಡು ಎಂಬ ಗೌರವ ಸಿಕ್ಕಿದ್ದು ಮಾತ್ರ ಅಂದೇ. ನನಗೆ ಹುಮ್ಮಸ್ಸು ಬಂದುಬಿಟ್ಟಿತು.

ಮೊದಲ ಪ್ರಯೋಗ ಎದುರು ಮನೆಯ ಮಗುವಿನ ಹುಟ್ಟುಹಬ್ಬ. ನಮ್ಮ ಮನೆಯವರ ಹಳೆಯ ಚೌಕಳಿ ಪೈಜಾಮದ ಒಂದು ಕಾಲು ಕತ್ತರಿಸಿ, ಬಣ್ಣದ ಪೆನ್ಸಿಲ್ ಡಬ್ಬವನ್ನು ಒಳಗಿಳಿಸಿ, ಎರಡೂ ತುದಿಗೆ ಲಂಗದ ಲಾಡಿ ಬಿಗಿದೆ. ಥೇಟ್ ದೊಡ್ಡ ಚಾಕಲೇಟಿನ ಹಾಗೆ ಕಾಣುತ್ತಿತ್ತು. ಮಗು ಅದನ್ನು ಬಿಚ್ಚಲು ಕೂತಾಗ ಇವರು ಬಾಯಲ್ಲಿ ಕೇಕು ಇಟ್ಟುಕೊಂಡೇ, ಅಷ್ಟು ಜನರೆದುರು, “ಅರೆ, ಇದು ನನ್ನ ಪೈಜಾಮ! ಇನ್ನೊಂದು ಕಾಲು ಎಲ್ಲೇ?” ಎಂದುಬಿಟ್ಟರು. ಇನ್ನೊಂದು ಕಾಲನ್ನು ನಾನು ಮುಂದಿನ ಹುಟ್ಟುಹಬ್ಬಕ್ಕೆಂದು ತೆಗೆದಿಟ್ಟಿದ್ದೆ. ಎರಡನೆಯದು ಇವರ ಆಫೀಸಿನ ಹಿರಿಯರೊಬ್ಬರ ನಿವೃತ್ತಿಗೆ ಕೊಟ್ಟ ಗೋಡೆ ಗಡಿಯಾರ. ಹಬ್ಬಕ್ಕೆ ತಂದು ಉಳಿದಿದ್ದ ಬಾಳೆ ಎಲೆಯಲ್ಲಿ ಮಡಚಿ, ಬಾಳೆ ನಾರಿನಿಂದಲೇ ಕಟ್ಟಿ ಕಳಿಸಿದೆ. ಅವರ ಮನೆಯಾಕೆ ಅದೇನೋ ತಿಂಡಿಯೆಂದು ತಿಳಿದು ಫ್ರಿಜ್ಜಿನಲ್ಲಿಟ್ಟರಂತೆ. ಫ್ರಿಜ್ಜು ಟಿಕ್ ಟಿಕ್ ಎನ್ನುತ್ತಿದೆಯೆಂದು ರಿಪೇರಿಯವನನ್ನು ಕರೆಸಿದ ಮೇಲೆ ವಿಷಯ ಹೊರಬಿತ್ತು. ಇಷ್ಟಾದರೂ ನಾನು ಬುದ್ಧಿ ಕಲಿಯಲಿಲ್ಲ. ಬುದ್ಧಿ ಕಲಿತಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ನನ್ನ ಓರಗಿತ್ತಿ ಶೈಲಾ ರಾಜರಾಜೇಶ್ವರಿನಗರದಲ್ಲಿ ತಗೊಂಡ ಹೊಸ ಫ್ಲ್ಯಾಟಿನ ಗೃಹಪ್ರವೇಶ ಬಂತು. ಶೈಲಾ ನನ್ನ ಮೈದುನನ ಹೆಂಡತಿ. ಅವಳ ಮನೆಯಲ್ಲಿ ಪರದೆಗೂ ಸೋಫಾಗೂ ಬಣ್ಣ ಹೊಂದುತ್ತದೆ, ಸೋಫಾಗೂ ಅವಳ ಸೀರೆಗೂ ಹೊಂದುತ್ತದೆ. ಬಡಿಸುವ ಸೌಟು ಸಹ ಮಿಕ್ಕ ಸೌಟುಗಳ ಒಡಹುಟ್ಟಿದ್ದೇ ಆಗಿರುತ್ತದೆ. ಅಂಥವಳಿಗೆ ಏನು ಕೊಡುವುದು? ಅಟ್ಟದಲ್ಲಿ ಒಂದು ಹೊಚ್ಚ ಹೊಸ ಕುಕ್ಕರ್ ಡಬ್ಬದ ಸಮೇತ ಕೂತಿತ್ತು. ಅದು ನಮಗೆ ಯಾರೋ ಕೊಟ್ಟದ್ದು. ಯಾರು ಎಂಬುದು ಮರೆತುಹೋಗಿದೆ. ಕುಕ್ಕರುಗಳು ಹೀಗೆ ಮನೆಯಿಂದ ಮನೆಗೆ ತೀರ್ಥಯಾತ್ರೆ ಮಾಡಿಕೊಂಡಿರುವುದು ನಮ್ಮ ಕಡೆ ಹೊಸದೇನಲ್ಲ. ಡಬ್ಬ ಇಳಿಸಿದೆ, ಒಳಗೆ ಗಣಗಣ ಎಂದಿತು. ವಿಷಲ್ ಇರಬೇಕು ಎಂದುಕೊಂಡೆ. ಪಕ್ಕದಲ್ಲೇ ಕೈಲಾಸದ ಗಂಟು. ಆಗ ನನಗೆ ಆ ಯೋಚನೆ ಹೊಳೆಯಿತು. ಕ್ಯಾಲೆಂಡರಿನ ದಪ್ಪ ಕಾಗದ, ಮಿರಮಿರ ಬಣ್ಣ, ಹೊಸ ಮನೆಗೆ ಮಂಗಳಕರ. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಇಡೀ ದೇವರ ಸಂಸಾರವನ್ನು ಮರ್ಯಾದೆಯಿಂದ ಬೇರೆ ಮನೆ ತುಂಬಿಸಿದ ಹಾಗಾಯಿತು!

ಡಬ್ಬದ ಮೇಲ್ಭಾಗಕ್ಕೆ ಸರಿಯಾಗಿ ಶಿವಪಾರ್ವತಿಯರ ಮುಖ ಬರುವಂತೆ ಅಂಟಿಸಿದೆ. ಒಂದು ಮಗ್ಗುಲಿಗೆ ಗಣಪತಿ, ಇನ್ನೊಂದಕ್ಕೆ ಷಣ್ಮುಖ, ಹಿಂದಕ್ಕೆ ನಂದಿ. ತಳಕ್ಕೆ ದೇವರನ್ನು ಹಾಕುವಂತಿಲ್ಲವಲ್ಲ, ಅಲ್ಲಿಗೆ ನಿನ್ನೆಯ ಪತ್ರಿಕೆಯ ರಾಜಕಾರಣಿಗಳನ್ನು ಹಾಕಿದೆ. ಶಿವನಿಗೆ ಟೇಪು ಹಚ್ಚಲು ಕೈ ಬರದೆ ಮೈದಾ ಹಿಟ್ಟು ಕಾಸಿ ಅಂಟು ಮಾಡಿದೆ. ಸುತ್ತ ಹಳೆಯ ಇಳಕಲ್ ಸೀರೆಯ ಅಂಚು, ಅದರ ಮೇಲೆ ಗೆಜ್ಜೆವಸ್ತ್ರದ ಸರ, ನಾಲ್ಕು ಮೂಲೆಗೂ ಅರಿಶಿನ ಕುಂಕುಮ. ಮುಗಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಕೈಗಳು ತಾವಾಗಿಯೇ ಮುಗಿದುಕೊಂಡವು. ಕಟ್ಟಿದವಳ ಕೈಯೇ ಮುಗಿಯುವಂಥ ಡಬ್ಬವನ್ನು ಬಿಚ್ಚುವ ಕೈ ಯಾರದು ಎಂದು ಆಗಲೇ ಕೇಳಿಕೊಳ್ಳಬೇಕಿತ್ತು.

ಗೃಹಪ್ರವೇಶದ ದಿನ ಉಡುಗೊರೆ ತೆಗೆದುಕೊಳ್ಳಲು ಕೂತಿದ್ದವರು ಶೈಲಾಳ ತಾಯಿ ನೀಲಮ್ಮನವರು. ಹಾವೇರಿ ಕಡೆಯವರು, ಮಗಳ ಮನೆ ಒಂದು ಹದಕ್ಕೆ ಬರುವ ತನಕ ಇರಲು ಬಂದಿದ್ದರು. ಉಳಿದವರ ಮಿಂಚುವ ಪೊಟ್ಟಣಗಳನ್ನೆಲ್ಲ ಸೋಫಾದ ಮೇಲೆ ಪೇರಿಸುತ್ತಿದ್ದವರು ನನ್ನ ಡಬ್ಬ ನೋಡಿದ್ದೇ ಎದ್ದು ನಿಂತರು. “ಎವ್ವಾ, ಸಾಕ್ಷಾತ್ ಪರಮಾತ್ಮನ್ನ ಕರಕೊಂಡು ಬಂದೀಯಲ್ಲವ್ವಾ!” ಎಂದು ಡಬ್ಬವನ್ನು ಹಣೆಗೊತ್ತಿಕೊಂಡು ನೇರ ದೇವರ ಕೋಣೆಗೆ ನಡೆದರು. ಸುತ್ತ ನಿಂತವರೆಲ್ಲ ನನ್ನನ್ನು ನೋಡಿದರು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಶೈಲಾಳ ಮನೆಯಲ್ಲಿ ನನ್ನದೊಂದು ವಸ್ತು ಗೆದ್ದಿತ್ತು. ನಾನು ಎರಡು ಹೋಳಿಗೆ ಹೆಚ್ಚಾಗಿ ತಿಂದೆ.

ಇನ್ನೇನು ಶಿವರಾತ್ರಿ ಎನ್ನುವಾಗ, ಚಿತ್ರದುರ್ಗದಲ್ಲಿ ಮಗಳ ಮನೆಗೆ ಹೋಗಿದ್ದ ನಮ್ಮ ಅತ್ತೆಯವರ ಫೋನು ಬಂತು. “ಗಿರಿಜಾ, ನಾಳೆ ಸಂಜೆಗೆ ಬರ್ತಾ ಇದೀನಿ ಕಣೇ. ನನ್ನ ಬೆಳ್ಳಿ ದೀಪ ಎರಡೂ ತೊಳೆದಿಡು.” ಆ ಜೋಡಿ ದೀಪ ಅತ್ತೆಯವರಿಗೆ ತವರಿನಿಂದ ಬಂದದ್ದು. ಶಿವರಾತ್ರಿಗೆ ಅವೇ ಉರಿಯಬೇಕು, ಬೇರೆ ದೀಪ ಹಚ್ಚಿದರೆ ಶಿವ ಎದ್ದು ಹೋಗುತ್ತಾನೆಂದು ಅವರ ನಂಬಿಕೆ. ಆಗಲಿ ಎಂದು ಬೀರು ತೆರೆದೆ, ಇಲ್ಲ. ಅಕ್ಕಿ ಡಬ್ಬಕ್ಕೆ ಕೈ ಹಾಕಿದೆ, ಇಲ್ಲ. ಆಮೇಲೆ ನಿಧಾನಕ್ಕೆ, ಬೆನ್ನಿನ ಮೇಲೆ ತಣ್ಣೀರು ಇಳಿದ ಹಾಗೆ ನೆನಪು ಇಳಿಯಿತು. ದಸರೆಯ ರಜೆಯಲ್ಲಿ ಮನೆ ಮಂದಿಯೆಲ್ಲ ಶ್ರೀಶೈಲಕ್ಕೆ ಹೊರಟಾಗ ಕಳ್ಳರ ಭಯಕ್ಕೆ ದೀಪಗಳನ್ನು ಬಚ್ಚಿಟ್ಟಿದ್ದೆ. ಬೀರು ಒಡೆಯುವ ಕಳ್ಳ ಅಟ್ಟ ಹತ್ತಿ ಕುಕ್ಕರ್ ತೆರೆದು ನೋಡುವುದಿಲ್ಲ ಎಂಬ ಬುದ್ಧಿವಂತಿಕೆ ನನ್ನದು. ನಿಜ, ಯಾವ ಕಳ್ಳನೂ ತೆಗೆಯಲಿಲ್ಲ. ನಾನೇ ಇಳಿಸಿ, ಸಿಂಗರಿಸಿ, ಕೈಯಾರೆ ಕೊಟ್ಟು, ಹೋಳಿಗೆ ತಿಂದು ಬಂದಿದ್ದೆ.

ಶೈಲಾಗೆ ಫೋನ್ ಮಾಡಿದೆ. “ಹೊಸ ಮನೆ ಅಡುಗೆ ಹೇಗಿದೆಯಮ್ಮಾ? ನಾನು ಕೊಟ್ಟಿದ್ದು ಉಪಯೋಗಕ್ಕೆ ಬಂತಾ?” ಎಂದೆ, ಏನೂ ಅರಿಯದವಳ ಹಾಗೆ.

“ಬರದೆ ಏನಕ್ಕಾ, ದಿನಾ ಪೂಜೆ ಆಗ್ತಾ ಇದೆ.”

“ಬಿಚ್ಚಿಲ್ವಾ?”

“ಹೇಗಕ್ಕಾ ಬಿಚ್ಚೋದು? ಎಲ್ಲಿ ಕತ್ತರಿ ಇಟ್ರೂ ಯಾರಾದ್ರೂ ಒಬ್ರು ಸಿಗ್ತಾರೆ. ಒಳಗೇನಿದೆ ಅಂತ ನಾವೂ ಕೇಳೋಣ ಅಂತಾನೇ ಇದ್ವಿ.”

ಕುಕ್ಕರ್ ಎಂದು ಫೋನಿನಲ್ಲಿ ಹೇಳಲು ನನಗೆ ನಾಲಿಗೆ ಏಳಲಿಲ್ಲ. ಮರುದಿನ ಇವರನ್ನು ಆಫೀಸಿಗೆ ಕಳಿಸಿದವಳೇ ವಿಜಯನಗರಕ್ಕೆ ಹೋಗಿ ಮೆಟ್ರೋ ಹತ್ತಿದೆ. ದಾರಿಯುದ್ದಕ್ಕೂ ಪಂಚಾಕ್ಷರಿ ಜಪಿಸಿದೆ. ಯಾರ ಮೇಲೆ ದೂರು ಹೊತ್ತು ಹೋಗುತ್ತಿದ್ದೆನೋ ಅವನನ್ನೇ ಸಹಾಯಕ್ಕೆ ಕರೆಯುವುದು ಸ್ವಲ್ಪ ಮುಜುಗರವೆನಿಸಿತು. ಆದರೆ ನಮ್ಮ ಮನೆದೇವರು ಅವನೇ, ಬೇರೆ ಯಾರ ಹತ್ತಿರ ಹೋಗಲಿ?

ಶೈಲಾಳ ದೇವರ ಕೋಣೆಯಲ್ಲಿ ನನ್ನ ಡಬ್ಬ ಮಣೆಯ ಮೇಲೆ ವಿರಾಜಮಾನವಾಗಿತ್ತು. ಕೆಳಗೆ ರಂಗೋಲಿ, ಮೇಲೆ ಚೆಂಡು ಹೂವು, ಬಿಲ್ವಪತ್ರೆ. ನೀಲಮ್ಮನವರು ನನ್ನನ್ನು ನೋಡಿದ್ದೇ ಡಬ್ಬದ ಮಹಿಮೆ ಹೇಳತೊಡಗಿದರು. “ನೋಡವ್ವಾ, ನನ್ನ ಮಳಕಾಲ ನೋವು ಹಗೂರ ಆಗೇತಿ. ಈ ಬಿಲ್ಡಿಂಗಿನ್ಯಾಗ ನೀರು ಬರ್ತಿದ್ದಿಲ್ಲ, ಟ್ಯಾಂಕರ್ ತರಸ್ತಿದ್ರು. ಈ ಪರಮಾತ್ಮ ಬಂದ ಮ್ಯಾಲೆ ನಳದಾಗ ನೀರು ಬರಾಕತ್ತೇತಿ. ಅಷ್ಟ ಅಲ್ಲ, ಕಸ ಹೊಡ್ಯಾಕ ಅಂತ ಸ್ವಲ್ಪ ಸರಿಸಿದರ ಸಾಕು, ಒಳಗ ಗಂಟಿ ಬಾರಿಸಿಧಂಗ ಆಕ್ಕೇತಿ! ನೀನೂ ಕೇಳು ಬೇಕಾರ.”

ಅವರು ಡಬ್ಬವನ್ನು ಮೆಲ್ಲಗೆ ಅಲುಗಿಸಿದರು. ಅತ್ತೆಯವರ ದೀಪಗಳು ಗಣಗಣ ಎಂದವು. ನೀಲಮ್ಮನವರು ಕಣ್ಣು ಮುಚ್ಚಿ ಕೈಮುಗಿದರು. ನಾನೂ ಮುಗಿದೆ, ಸಮಾಧಾನದಿಂದ. ಎರಡೂ ಒಳಗೇ ಇದ್ದವು.

“ಅಮ್ಮಾ, ನಿಜ ಹೇಳ್ತೀನಿ, ಒಳಗಿರೋದು ಕುಕ್ಕರ್,” ಎಂದೆ.

ನೀಲಮ್ಮನವರು ನಕ್ಕರು. “ನನ್ನ ಭಕ್ತಿ ಪರೀಕ್ಷಾ ಮಾಡಾಕತ್ತೀಯೇನ?”

“ತಳದಲ್ಲಿ ದೇವರಿಲ್ಲ ಅಮ್ಮಾ, ಬರೀ ಪೇಪರ್. ಬೋರಲು ಹಾಕಿ ಅಲ್ಲಿಂದ ಬಿಚ್ಚೋಣ.”

“ಶಿವಶಿವಾ! ಶಿವನ್ನ ತಲಿ ಕೆಳಗ ಮಾಡಿ ನಿಲ್ಲಸ್ತೀಯಾ? ಮೂರು ಮಂದಿ ಮಂತ್ರಿಗಳ ಮಾರಿ ಮ್ಯಾಲೆ ಬರ್ಲಿ ಅಂತ?”

ಬಾಗಿಲಿಗೆ ಒರಗಿ ನಿಂತಿದ್ದ ಶೈಲಾ ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದಳು. ಸಂಜೆಯಾದರೆ ಅತ್ತೆಯವರು ಬಂದುಬಿಡುತ್ತಾರೆ. ಮಂಡಿಯೂರಿ ಕೂತು ಶಿವನ ಮುಖ ನೋಡಿದೆ. ತಲೆಯ ಮೇಲೆ ಗಂಗೆ ಚಿಮ್ಮುತ್ತಿದ್ದಳು. ತಟ್ಟನೆ ನನಗೆ ಮೈದಾ ಅಂಟಿನ ನೆನಪಾಯಿತು.

“ಅಮ್ಮಾ, ಇಷ್ಟು ದಿನ ಹೂ ಹಾಕಿದೀರಿ, ದೀಪ ಹಚ್ಚಿದೀರಿ. ಅಭಿಷೇಕ ಮಾಡಿದ್ರಾ?”

ನೀಲಮ್ಮನವರ ಮುಖ ಸಣ್ಣಗಾಯಿತು. “ಇಲ್ಲಲ್ಲವ್ವಾ.”

“ಶಿವನಿಗೆ ಅಭಿಷೇಕ ಇಲ್ಲದೆ ಇಷ್ಟು ದಿನ ಕೂರಿಸಿದೀರಾ?”

“ತಪ್ಪಾತಲ್ಲವ್ವಾ! ಶೈಲಾ, ಹಾಲು ತಾರವ್ವಾ!”

“ಹಾಲು ಬೇಡ, ನೀರೇ ಸಾಕು. ಬೆಚ್ಚಗಿರಲಿ,” ಎಂದೆ. ಬೆಚ್ಚಗಿನ ನೀರಿಗೆ ಯಾವ ಶಾಸ್ತ್ರದ ಆಧಾರವೂ ಇಲ್ಲ, ಅಂಟಿನ ಆಧಾರ ಮಾತ್ರ ಇದೆ. ಮೊದಲು ಆರತಿ ಎತ್ತಿ, ಪೂಜೆ ಮುಗಿದ ಕಳಶವನ್ನು ಕದಲಿಸುವ ಹಾಗೆ ಡಬ್ಬವನ್ನು ಸ್ವಲ್ಪ ಕದಲಿಸಿದೆ, ಮನಸ್ಸಿನಲ್ಲೇ ಅಪ್ಪಣೆ ಕೇಳಿಕೊಂಡೆ. ಡಬ್ಬವನ್ನು ದೊಡ್ಡ ತಟ್ಟೆಯಲ್ಲಿಟ್ಟೆವು. ನೀಲಮ್ಮನವರು ಓಂ ನಮಃ ಶಿವಾಯ ಎನ್ನುತ್ತಾ ತಂಬಿಗೆಯಿಂದ ಸಣ್ಣಗೆ ನೀರು ಬಿಟ್ಟರು. ನಾನು ಪಕ್ಕದಲ್ಲಿ ಕೂತು ಉಗುರಿನಿಂದ ಅಂಚುಗಳನ್ನು ಎಬ್ಬಿಸುತ್ತಾ ಹೋದೆ. ಮೊದಲು ನಂದಿ ಎದ್ದಿತು. ಆಮೇಲೆ ಮಕ್ಕಳಿಬ್ಬರು. ಕೊನೆಗೆ ಶಿವಪಾರ್ವತಿಯರು, ಒಂದು ಕೂದಲೂ ಕೊಂಕದೆ, ಮೈದಾ ಜಾರುತ್ತಾ ನನ್ನ ಎರಡೂ ಕೈಗೆ ಬಂದರು. “ಎದ್ದು ಬಂದ ನೋಡು ಪರಮಾತ್ಮ!” ಎಂದು ನೀಲಮ್ಮನವರು ಕಣ್ಣೊರೆಸಿಕೊಂಡರು. ನನ್ನ ಕಣ್ಣಲ್ಲೂ ನೀರಿತ್ತು, ಕಾರಣ ಬೇರೆ.

ತೊಯ್ದ ಡಬ್ಬದಿಂದ ಕುಕ್ಕರ್ ಹೊರಗೆ ಬಂತು. ನೀಲಮ್ಮನವರು ಅದನ್ನು ನೋಡಿದ ನೋಟವನ್ನು ನಾನು ವಿವರಿಸಲಾರೆ. ಆದರೆ ನಾನು ಮುಚ್ಚಳ ತೆಗೆದಾಗ ಒಳಗಿದ್ದ ಬೆಳ್ಳಿ ದೀಪಗಳು ಕಿಟಕಿಯ ಬಿಸಿಲಿಗೆ ಫಳಕ್ಕೆಂದವು, ಅವರ ಮುಖವೂ ಹಾಗೆಯೇ ಆಯಿತು. “ನಾ ಹೇಳಿದ್ದಿಲ್ಲ? ಒಳಗ ಬೆಳಕೈತಿ ಅಂತ! ಎಂಥಾ ಮನಸವ್ವಾ ನಿಂದು, ತಂಗಿಗೆ ಬೆಳ್ಳಿ ದೀಪ ಕೊಟ್ಟೀ. ಅದೂ ಗುಪ್ತ ದಾನ!” ಎಂದು ನನ್ನ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದರು.

ನಾನು ಶೈಲಾಳ ಮುಖ ನೋಡಿದೆ. ಅವಳು ದೀಪಗಳನ್ನು ನೋಡಿದಳು, ನನ್ನನ್ನು ನೋಡಿದಳು. ಮದುವೆಯಾಗಿ ಬಂದ ವರ್ಷದಿಂದ ಆ ದೀಪ ತಿಕ್ಕಿದವಳು ಅವಳೂ ಹೌದು. ಈಗ ಅವಳು ಬಾಯಿ ಬಿಟ್ಟರೆ ನನ್ನ ಮಾನ ಹೋಗುತ್ತದೆ, ಸುಮ್ಮನಿದ್ದರೆ ದೀಪ ಹೋಗುತ್ತದೆ. “ಅಮ್ಮಾ, ಇವು ನಮ್ಮತ್ತೆ ದೀಪ,” ಎಂದಳು ತಣ್ಣಗೆ. “ನಾಳೆ ಶಿವರಾತ್ರಿಗೆ ಅಕ್ಕನ ಮನೇಲಿ ಹಚ್ಬೇಕು. ಹೊಸ ಮನೆ ಅಲ್ವಾ, ಒಂದಷ್ಟು ದಿನ ನಮ್ಮ ದೇವರ ಮುಂದೆ ಇರಲಿ ಅಂತ ಅಕ್ಕ ಕಳಿಸಿದ್ರು. ಈಗ ತಗೊಂಡು ಹೋಗೋಕೆ ಬಂದಿದಾರೆ.”

ಸೌಟಿಗೆ ಸೌಟು ಹೊಂದಿಸುವ ಹುಡುಗಿಯ ಬಗ್ಗೆ ನಾನು ಇಷ್ಟು ವರ್ಷ ಮನಸ್ಸಿನಲ್ಲಿ ಆಡಿಕೊಂಡದ್ದನ್ನೆಲ್ಲ ಒಂದೊಂದಾಗಿ ವಾಪಸ್ ತೆಗೆದುಕೊಂಡೆ. ಅಡುಗೆಮನೆಗೆ ಹೋದ ಮೇಲೆ ಅವಳು ನನ್ನ ಕಿವಿಗೆ ಬಾಗಿದಳು. “ಅಟ್ಟದ ಮೇಲಿನ ಕುಕ್ಕರ್ ತಾನೆ ಅಕ್ಕಾ? ಪರವಾಗಿಲ್ಲ ಬಿಡಿ. ನಾನು ಬಳೆ ಬಚ್ಚಿಡೋದು ಇಡ್ಲಿ ಪಾತ್ರೇಲಿ. ಹೋದ ತಿಂಗಳು ಒಂದು ಸಲ ಬೇಯಿಸಿಯೂ ಬಿಟ್ಟಿದೀನಿ.”

ನಾವಿಬ್ಬರೂ ಸಿಂಕಿನ ನಲ್ಲಿ ಬಿಟ್ಟುಕೊಂಡು, ಆ ಸದ್ದಿನಲ್ಲಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಆಮೇಲೆ ಅವಳು ಸಾಲಾಗಿ ಜೋಡಿಸಿದ್ದ ಗಿಫ್ಟ್ ಪೇಪರ್ ಸುರುಳಿಗಳಿಂದ ಬಂಗಾರದ ಬಣ್ಣದ್ದೊಂದನ್ನು ಎಳೆದಳು. “ಬೆಳ್ಳಿ ಹಾಗೇ ಹಿಡ್ಕೊಂಡು ಮೆಟ್ರೋದಲ್ಲಿ ಹೋಗ್ಬೇಡಿ,” ಎಂದು ನಿಮಿಷದೊಳಗೆ ದೀಪಗಳನ್ನು ಸುತ್ತಿ ರಿಬ್ಬನ್ ಬಿಗಿದಳು. ಹೊರಡುವಾಗ ನೀಲಮ್ಮನವರು ಒದ್ದೆ ಕ್ಯಾಲೆಂಡರನ್ನು ಸುರುಳಿ ಸುತ್ತಿ ನನ್ನ ಕೈಗಿಟ್ಟರು. “ನೀ ಕರಕೊಂಡು ಬಂದಾವ, ನೀನ ಕರಕೊಂಡು ಹೋಗವ್ವಾ.” ಮೆಟ್ರೋದ ತಪಾಸಣೆಯಲ್ಲಿ ಪೊಲೀಸ್ ಬಟ್ಟೆಯ ಹುಡುಗಿ ಕೇಳಿದಳು, “ಆಂಟಿ, ಪ್ಯಾಕೆಟ್ಟಲ್ಲೇನು?” “ದೀಪ.” “ಈ ಸುರುಳೀಲಿ?” “ಶಿವ.” ಅವಳು ಹೋಗಿ ಎಂದು ಕೈಬೀಸಿದಳು.

ಮನೆ ಬಾಗಿಲಲ್ಲಿ ಅತ್ತೆಯವರ ಚಪ್ಪಲಿ! ಸಂಜೆಗೆ ಬರಬೇಕಿದ್ದವರು ಯಾರದೋ ಕಾರು ಸಿಕ್ಕಿತೆಂದು ಮಧ್ಯಾಹ್ನಕ್ಕೇ ಬಂದು ಕೂತಿದ್ದರು. “ಎಲ್ಲಿಗೆ ಹೋಗಿದ್ಯೇ ಗಿರಿಜಾ? ಏನದು ಗಿಫ್ಟು? ನನಗಾ?” ಎಂದವರು ನನ್ನ ಕೈಯಿಂದ ತೆಗೆದುಕೊಂಡು ಒಂದೇ ಎಳೆತಕ್ಕೆ ಚರ್ರನೆ ಹರಿದರು. ನನ್ನ ಕೈಲಾಸ ವಾರಗಟ್ಟಲೆ ಅಲುಗಲಿಲ್ಲ, ಅಂಗಡಿಯ ಕಾಗದ ಅರೆಗಳಿಗೆ ಬಾಳಲಿಲ್ಲ.

“ಇವು ನನ್ನ ದೀಪಾನೇ ಅಲ್ವೇನೇ?”

“ಹೌದು ಅತ್ತೆ.”

“ನನ್ನ ದೀಪ ನನಗೇ ಗಿಫ್ಟಾ? ತೊಳೆದಿಡು ಅಂದ್ರೆ ಕಾಗದ ಸುತ್ತಿಡು ಅಂತ ಕೇಳಿಸ್ತಾ ನಿನಗೆ?”

ಶಿವನೇ, ಇನ್ನೊಂದೇ ಒಂದು ಸಲ ಕಾಪಾಡು ಎಂದುಕೊಂಡೆ. ಅತ್ತೆಯವರು ಕನ್ನಡಕ ಏರಿಸಿ ಕೈಯಲ್ಲಿದ್ದ ಕಾಗದವನ್ನು ನೋಡಿದರು. “ಅಯ್ಯಯ್ಯೋ, ಗಣಪತಿ ಕಣೇ!” ಶೈಲಾ ಆರಿಸಿದ್ದ ಕಾಗದದ ತುಂಬ ಪುಟ್ಟ ಪುಟ್ಟ ಗಣಪತಿಗಳು. ಒಬ್ಬನ ಸೊಂಡಿಲು ಈ ತುಂಡಿನಲ್ಲಿ, ಹೊಟ್ಟೆ ಆ ತುಂಡಿನಲ್ಲಿ. ಅತ್ತೆಯವರು ಕೆನ್ನೆ ಕೆನ್ನೆ ಬಡಿದುಕೊಂಡರು. ದೀಪದ ಮಾತು ಅಲ್ಲಿಗೇ ನಿಂತಿತು, ಇವತ್ತಿನವರೆಗೂ ಎದ್ದಿಲ್ಲ. ಇದನ್ನೂ ನಾನು ಸಣ್ಣ ಕೃಪೆಗಳ ಸಾಲಿಗೆ ಸೇರಿಸಿಕೊಂಡಿದ್ದೇನೆ.

ಮರುದಿನ ಶಿವರಾತ್ರಿಗೆ ದೀಪಗಳು ಉರಿದವು. ಮಹಡಿಯ ಹಗ್ಗದ ಮೇಲೆ, ಒಂದು ಕಾಲಿನ ಪೈಜಾಮದ ಪಕ್ಕದಲ್ಲಿ, ಶಿವಪಾರ್ವತಿಯರು ಎರಡು ಕ್ಲಿಪ್ಪಿಗೆ ಜೋತು ಒಣಗಿದರು. “ಕೈಲಾಸ ಖಾಲಿ ಮಾಡೋಕೆ ಹೊರಟಿದ್ಯಲ್ಲಮ್ಮಾ?” ಎಂದು ಪಾವನಾ ಕೇಳಿದಳು. ಒಂದು ಸಂಸಾರವನ್ನು ಸಾಗಹಾಕಲು ಹೋದವಳು ಅವರನ್ನೂ ವಾಪಸ್ ಕರೆತಂದು, ಜೊತೆಗೆ ಹರಿದ ಗಣಪತಿಗಳ ಒಂದು ಹಿಂಡನ್ನೂ ಮನೆ ತುಂಬಿಸಿಕೊಂಡಿದ್ದೆ. ಅತ್ತೆಯವರ ಅಪ್ಪಣೆಯಂತೆ ಮತ್ತೆ ಮೈದಾ ಕಾಸಿ ಸೊಂಡಿಲಿಗೆ ಹೊಟ್ಟೆ ಜೋಡಿಸಿ ಅಂಟಿಸುವ ಕೆಲಸ ಶುರುವಾಯಿತು.

ಅದು ಮುಗಿಯುವಷ್ಟರಲ್ಲಿ ಶೈಲಾ ಫೋನ್ ಮಾಡಿದಳು. ನಗು ತಡೆಯಲಾರದೆ ಮಾತೇ ಹೊರಡುತ್ತಿರಲಿಲ್ಲ. “ಅಕ್ಕಾ, ಅಮ್ಮ ನಿಮ್ಮ ಕುಕ್ಕರಿಗೆ ವಿಭೂತಿ ಹಚ್ಚಿದಾರೆ! ಮೊದಲನೇ ವಿಷಲ್ಲಿಗೆ ಎದ್ದು ನಿಂತು ಕೈಮುಗಿದ್ರು. ನೀವೇ ಹೇಳಿ, ಪ್ರಪಂಚದಲ್ಲಿ ಯಾರಾದ್ರೂ ಕುಕ್ಕರಿಗೆ ವಿಭೂತಿ ಹಚ್ತಾರಾ?”

“ಯಾರು ಹಚ್ತಾರಮ್ಮಾ?” ಎಂದು ನಾನೂ ನಕ್ಕೆ. ಆದರೆ ಜೋರಾಗಿ ನಗಲಿಲ್ಲ. ಅಂಟು ಹಿಡಿಯಲು ಗಣಪತಿಗಳ ಮೇಲೆ ಏನಾದರೂ ಭಾರ ಇಡಬೇಕಿತ್ತು. ಕೈಗೆ ಸಿಕ್ಕಿದ್ದು ನಮ್ಮ ಹಳೆಯ ಕುಕ್ಕರ್. ದೇವರ ಮೇಲೆ ಬರೀ ಕುಕ್ಕರ್ ಇಡುವುದು ಹೇಗೆಂದು ಮನಸ್ಸು ತಡೆಯದೆ, ಅದನ್ನು ತೊಳೆದು, ಮೂರು ಬೆರಳು ವಿಭೂತಿ ಎಳೆದು, ಕೈಮುಗಿದು, ಆಗಷ್ಟೇ ಇಟ್ಟು ಬಂದಿದ್ದೆ.